"ಆಗಲ್ಲ ಅಂತ ಬರೆದುಕೊಡಿ ಸಾರ್": ಪಂಚಾಯಿತಿ, ನಾಡಕಚೇರಿ, ಪುರಸಭೆಯಲ್ಲಿ ಏಳುವ ಕಾನೂನು ಪ್ರಶ್ನೆಗಳು

ನಮಸ್ಕಾರ. ಪಂಚಾಯಿತಿ, ನಾಡಕಚೇರಿ, ಪುರಸಭೆ. ಇವುಗಳಲ್ಲಿ ಒಂದಕ್ಕಾದರೂ ಹೋಗಿ, ಕೆಲಸವಾಗದೆ ವಾಪಸ್ ಬಂದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಹಾಗೆ ಬಂದವರನ್ನು ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. "ಆಗಲ್ಲ ಅಂತ ಬರೆದುಕೊಟ್ಟರಾ?" ಹೆಚ್ಚಿನವರ ಉತ್ತರ, "ಇಲ್ಲ, ಬಾಯಲ್ಲಿ ಹೇಳಿದರು."

ಬಾಯಲ್ಲಿ ಹೇಳಿದ್ದರ ಮೇಲೆ ಮೇಲ್ಮನವಿ ಹೋಗಲು ಆಗುವುದಿಲ್ಲ. ಅದಕ್ಕೆ ತಾರೀಖಿಲ್ಲ, ಸಹಿ ಇಲ್ಲ. ನಾಳೆ "ನಾನು ಹಾಗೆ ಹೇಳೇ ಇಲ್ಲ" ಅಂದರೂ ನೀವು ಏನೂ ಮಾಡುವ ಹಾಗಿಲ್ಲ. ಅದಕ್ಕೇ ಇವತ್ತಿನ ವಿಡಿಯೋದಲ್ಲಿ ಪ್ರಶ್ನೆಗಳು ಬೇರೆ ಬೇರೆ ಇದ್ದರೂ, ಎಲ್ಲದರಲ್ಲೂ ಕಾಗದದ ಮಾತು ಬಂದೇ ಬರುತ್ತದೆ.

[ಪರದೆಯ ಮೇಲೆ: "ಮೇಲಿಂದ ಆರ್ಡರ್ ಬಂದಿದೆ." ಹೌದಾ? ಯಾವ ಆರ್ಡರ್?]

ಮೊದಲ ಪ್ರಶ್ನೆ. ಕಚೇರಿಯಲ್ಲಿ "ರೂಲ್ಸ್ ಹಾಗಿದೆ" ಅನ್ನುತ್ತಾರೆ. ಅದು ನಿಜವಾಗಿ ರೂಲ್ಸಾ ಅಂತ ತಿಳಿಯುವುದು ಹೇಗೆ?

ಎಲ್ಲಕ್ಕಿಂತ ಮೇಲೆ ಸಂವಿಧಾನ. ಅದರ ಕೆಳಗೆ ಕಾಯ್ದೆ. ಸಂಸತ್ತು ಅಥವಾ ನಮ್ಮ ವಿಧಾನಮಂಡಲ ಮಾಡಿದ್ದು. ಹಳ್ಳಿಗಳಿಗೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯ್ದೆ, ದೊಡ್ಡ ನಗರಗಳಿಗೆ 1976ರ ಮಹಾನಗರ ಪಾಲಿಕೆಗಳ ಕಾಯ್ದೆ. ಬೆಂಗಳೂರಿಗೆ ಈಗ 2024ರ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಅಂತ ಬೇರೆಯೇ ಇದೆ. 2025ರಲ್ಲಿ ಅಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು.

ಕಾಯ್ದೆಯ ಕೆಳಗೆ ನಿಯಮ. ಸರ್ಕಾರ ಅದನ್ನು ರಾಜ್ಯಪತ್ರದಲ್ಲಿ, ಅಂದರೆ ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಅದರ ಕೆಳಗೆ ಸ್ಥಳೀಯ ಸಂಸ್ಥೆಯ ಬೈಲಾ. ಇನ್ನೂ ಕೆಳಗೆ ಸುತ್ತೋಲೆ. ಕೆಳಗಿನದು ಮೇಲಿನದನ್ನು ಮೀರುವಂತಿಲ್ಲ. ಕಾಯ್ದೆ ಕೊಟ್ಟ ಹಕ್ಕನ್ನು ಒಂದು ಸುತ್ತೋಲೆ ಕಿತ್ತುಕೊಳ್ಳಲು ಆಗುವುದಿಲ್ಲ.

ಧ್ವನಿವರ್ಧಕದ ವಿಷಯ ನೋಡಿ. "ಜಾತ್ರೆಗೆ ಪಂಚಾಯಿತಿಯವರೇ ಪರ್ಮಿಷನ್ ಕೊಟ್ಟಿದ್ದಾರೆ, ರಾತ್ರಿಯೆಲ್ಲಾ ಹಾಕುತ್ತೇವೆ" ಅನ್ನುವವರು ಇದ್ದಾರೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾಜ್ಯ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಇಡೀ ರಾತ್ರಿಗೆ ಅನುಮತಿ ಕೊಡುವ ಅಧಿಕಾರ ಪಂಚಾಯಿತಿಗೆ ಇಲ್ಲ.

ಹಾಗಾಗಿ "ಮೇಲಿಂದ ಆರ್ಡರ್ ಬಂದಿದೆ" ಅಂದಾಗ ಜಗಳ ಬೇಡ. "ಸಾರ್, ಆ ಆದೇಶದ ನಂಬರ್, ತಾರೀಖು ಕೊಡಿ" ಅಂತ ಕೇಳಿ. ನಿಜವಾದ ಆದೇಶಕ್ಕೆ ಇವೆರಡೂ ಇದ್ದೇ ಇರುತ್ತವೆ. ಹಣದ ವಿಷಯಕ್ಕೂ ಇದೇ ಮಾತು. ಕಾನೂನಿನ ಬಲವಿಲ್ಲದೆ ಯಾವ ತೆರಿಗೆಯನ್ನೂ ವಸೂಲಿ ಮಾಡುವಂತಿಲ್ಲ ಎಂದು ಸಂವಿಧಾನದ 265ನೇ ವಿಧಿಯೇ ಹೇಳುತ್ತದೆ. ರಸೀದಿ ಕೊಡದ ಕಡೆ ಹಣ ಕೊಡಬೇಡಿ.

[ಪರದೆಯ ಮೇಲೆ: ಅರ್ಜಿ ಕೊಟ್ಟೆ, ಉತ್ತರವೇ ಇಲ್ಲ]

ಎರಡನೆಯದು, ಅರ್ಜಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಖಾತೆ ಬದಲಾವಣೆ, ಹೀಗೆ ನೂರಾರು ಸೇವೆಗಳಿಗೆ ನಮ್ಮ ರಾಜ್ಯದಲ್ಲಿ ಸಕಾಲ ಕಾಯ್ದೆ ಇದೆ. 2011ರ ಕಾಯ್ದೆ, 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂತು. ಪ್ರತಿ ಸೇವೆಗೂ ಇಷ್ಟು ದಿನ ಅಂತ ಗಡುವು ಇದೆ. ಅರ್ಜಿ ತೆಗೆದುಕೊಂಡ ಕೂಡಲೇ 15 ಅಂಕಿಯ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಪತ್ರ ಕೊಡಬೇಕು. ಗಡುವಿನ ದಿನಗಳ ಲೆಕ್ಕ ಶುರುವಾಗುವುದು ಆ ಸ್ವೀಕೃತಿಯಿಂದ.

ಆದರೆ ಎಷ್ಟೋ ಕಡೆ ಏನಾಗುತ್ತದೆ? "ಪೇಪರ್ ಇಟ್ಟು ಹೋಗಿ, ನೋಡೋಣ" ಅನ್ನುತ್ತಾರೆ. ನಾವೂ ಇಟ್ಟು ಬರುತ್ತೇವೆ. ಸಂಖ್ಯೆ ಇಲ್ಲದ ಅರ್ಜಿ ಲೆಕ್ಕಕ್ಕೇ ಬರುವುದಿಲ್ಲ. ಆರು ತಿಂಗಳು ಅಲೆದರೂ ಕಡತದ ಪ್ರಕಾರ ತಡವೇ ಆಗಿರುವುದಿಲ್ಲ! ನನಗೆ ತುಂಬಾ ಬೇಸರ ತರಿಸುವ ವಿಷಯ ಇದು. ಕಾಯ್ದೆ ಚೆನ್ನಾಗಿದೆ, ಸಂಖ್ಯೆ ಕೇಳದೆ ಬರುವುದರಿಂದ ಅದರ ಉಪಯೋಗ ನಮಗೆ ಸಿಗುತ್ತಿಲ್ಲ.

ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದು, ನಿಜ. ಆದರೆ ಆ ಹಣ ತಡ ಮಾಡಿದ ಅಧಿಕಾರಿಯ ಮೇಲೆ ಬೀಳುತ್ತದೆ, ದಾಖಲೆಯಲ್ಲೂ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮೇಲ್ಮನವಿ. ಗಡುವು ಮುಗಿದರೆ ಅಥವಾ ಅರ್ಜಿ ತಿರಸ್ಕಾರವಾದರೆ 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅಲ್ಲೂ ಆಗದಿದ್ದರೆ ಅದರ ಮೇಲಿನ ಮೇಲ್ಮನವಿ ಪ್ರಾಧಿಕಾರ ಇದೆ.

ಸಕಾಲಕ್ಕೆ ಸೇರದ ಕೆಲಸವಾದರೆ? ಚರಂಡಿ ಕಟ್ಟಿದೆ, ಬೀದಿ ದೀಪ ಉರಿಯುತ್ತಿಲ್ಲ, ಪಕ್ಕದವರು ರಸ್ತೆಗೆ ಮೆಟ್ಟಿಲು ಚಾಚಿದ್ದಾರೆ. ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ವಿಭಾಗಕ್ಕೆ ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ವಾದ ಮಾಡಬೇಡಿ, ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. 1902ಕ್ಕೆ ಫೋನ್ ಮಾಡಿ ಜನಸ್ಪಂದನದಲ್ಲೂ ದೂರು ದಾಖಲಿಸಬಹುದು. ಕೆಲಸ ಆಗುವುದೇ ಇಲ್ಲ ಅಂದರೆ ಕಾರಣ ಬರೆದ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ ಕೇಳಿ. ಕಾರಣ ಬರವಣಿಗೆಯಲ್ಲಿದ್ದರೆ, ಅದು ಸರಿಯೋ ತಪ್ಪೋ ಅಂತ ಮೇಲಿನವರು ನೋಡಬಹುದು.

[ಪರದೆಯ ಮೇಲೆ: ಖಾತೆ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕರಾ?]

ಈಗ ಖಾತೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಮನೆಗಳು ಒಡೆಯುವುದು ಇಲ್ಲೇ.

ಖಾತೆ ಅಂದರೆ ಸ್ಥಳೀಯ ಸಂಸ್ಥೆ ಕಂದಾಯ ವಸೂಲಿಗೆ ಇಟ್ಟುಕೊಂಡ ಲೆಕ್ಕ. ಈ ಆಸ್ತಿಯ ತೆರಿಗೆ ಯಾರು ಕಟ್ಟಬೇಕು ಅನ್ನುವುದು ಅದರಲ್ಲಿದೆ. ಅದು ಒಡೆತನದ ಪತ್ರ ಅಲ್ಲ. ಒಡೆತನ ಬರುವುದು ನೋಂದಣಿಯಾದ ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ವಿಲ್ಲು ಅಥವಾ ವಾರಸಾ ಹಕ್ಕಿನಿಂದ. ಈಗ ಸೈಟು, ಮನೆ ನೋಂದಣಿಗೆ ಇ-ಖಾತಾ ಕೇಳುತ್ತಾರೆ ನಿಜ. ಆದರೂ ಖಾತೆಯೊಂದನ್ನೇ ನೋಡಿ ಸೈಟು ಕೊಳ್ಳಬೇಡಿ. ಹಿಂದಿನ ಪತ್ರಗಳು, ಋಣಭಾರ ಪತ್ರ, ಬಡಾವಣೆಗೆ ಅನುಮೋದನೆ, ಇವನ್ನೆಲ್ಲ ನೋಡಲೇಬೇಕು. ಹಳ್ಳಿಯಲ್ಲಾದರೆ ಇ-ಸ್ವತ್ತಿನಲ್ಲಿ, ಅಂದರೆ ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆಯಲ್ಲಿ, ನಮೂನೆ 9 ಇದೆಯೋ, 11ಬಿ ಮಾತ್ರ ಇದೆಯೋ ನೋಡಿ. ಎರಡೂ ಒಂದೇ ಅಲ್ಲ, 11ಬಿ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವಂಥದ್ದು. "ಹತ್ತು ವರ್ಷದಿಂದ ಕಂದಾಯ ಕಟ್ಟುತ್ತಿದ್ದೇನೆ" ಅಂದ ಮಾತ್ರಕ್ಕೆ ಅಕ್ರಮ ಕಟ್ಟಡ ಸಕ್ರಮ ಆಗುವುದಿಲ್ಲ.

ಜಮೀನಿನ ಪಹಣಿಗೆ ಸ್ವಲ್ಪ ಜಾಸ್ತಿ ತೂಕ ಇದೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳು ಅಂತ ಸಾಬೀತಾಗುವವರೆಗೆ ಅದರಲ್ಲಿರುವುದು ನಿಜ ಅಂತ ಭಾವಿಸಬೇಕು. ಆದರೆ ಅದೂ ಕೊನೆಯ ಮಾತಲ್ಲ. ಒಡೆತನದ ಜಗಳ ತೀರ್ಮಾನ ಆಗುವುದು ಸಿವಿಲ್ ಕೋರ್ಟಿನಲ್ಲಿ. ತಹಶೀಲ್ದಾರರು, ಪಿಡಿಒ ಅದನ್ನು ತೀರ್ಮಾನಿಸಲು ಬರುವುದಿಲ್ಲ.

ಈಗ ಒಂದು ಸಂದರ್ಭ. ತಂದೆ ತೀರಿಕೊಂಡರು. ಅಣ್ಣ ವಂಶವೃಕ್ಷದಲ್ಲಿ ತಂಗಿಯ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿಕೊಂಡ. ಪಹಣಿಯಲ್ಲಿ ಅಣ್ಣನ ಹೆಸರೊಂದೇ ಇದೆ. "ಮದುವೆ ಮಾಡಿಕೊಟ್ಟಾಯಿತಲ್ಲ, ಇನ್ನೇನು ಪಾಲು?" ಅನ್ನುತ್ತಾನೆ. ತಂಗಿಯ ಹಕ್ಕು ಹೋಯಿತಾ?

ಹೋಗಿಲ್ಲ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು 2005ರ ಸೆಪ್ಟೆಂಬರ್ 9ರಿಂದ ಕಾನೂನಿನಲ್ಲಿದೆ. ಆ ದಿನ ತಂದೆ ಬದುಕಿರಲೇಬೇಕು ಅಂತ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. ಮದುವೆ ಆಗಿದೆ ಅನ್ನುವುದು ಈಗ ಅಡ್ಡಿ ಅಲ್ಲ. ಒಂದು ಎಚ್ಚರಿಕೆ ಮಾತ್ರ: 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾಗಿ ಮುಗಿದ ವಿಭಾಗವನ್ನು ಈ ಕಾನೂನು ಕೆದಕುವುದಿಲ್ಲ. ಇನ್ನು ತಂದೆ ಸ್ವಂತ ದುಡಿದು ಮಾಡಿದ ಆಸ್ತಿಗೆ ವಿಲ್ ಬರೆಯದೆ ಹೋಗಿದ್ದರೆ, 1956ರ ಕಾಯ್ದೆಯಲ್ಲೇ ಮಗಳಿಗೆ ಸಮಪಾಲು ಇದೆ.

ಹಾಗಂತ ಸುಮ್ನೆ ಕೂರುವಂತಿಲ್ಲ. ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ನೋಟಿಸ್ ಬಂದಾಗಲೇ, ಅಥವಾ ವಿಷಯ ಗೊತ್ತಾದ ದಿನವೇ ಲಿಖಿತ ತಕರಾರು ಕೊಡಿ. ತಕರಾರು ಬಂದರೆ ಅಧಿಕಾರಿ ಎರಡೂ ಕಡೆಯವರನ್ನು ಕೇಳಿಯೇ ಆದೇಶ ಮಾಡಬೇಕು. ಆಗಲೇ ಖಾತೆ ಬದಲಾಗಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕಬಹುದು. ಪಾಲಿಗಾಗಿ ಸಿವಿಲ್ ಕೋರ್ಟಿನಲ್ಲಿ ದಾವೆ. ಸುಳ್ಳು ಅಫಿಡವಿಟ್ ಕೊಟ್ಟು ವಂಶವೃಕ್ಷ ಮಾಡಿಸಿದ್ದರೆ ಅದೇ ಒಂದು ಅಪರಾಧ. ಅಕ್ಕತಂಗಿಯರಿಗೆ ನನ್ನದೊಂದು ಮಾತು: "ಸುಮ್ನೆ ಒಂದು ಸೈನ್ ಹಾಕು" ಅಂತ ತವರಿನಿಂದ ಪೇಪರ್ ಬಂದರೆ, ಓದಿಸದೆ ಸಹಿ ಮಾಡಬೇಡಿ. ಅದು ಹಕ್ಕು ಬಿಡುಗಡೆ ಪತ್ರ ಆಗಿರಬಹುದು. ನೋಂದಣಿಯೂ ಆಗಿಬಿಟ್ಟರೆ, ಆಮೇಲೆ ಅದನ್ನು ರದ್ದು ಮಾಡಿಸುವುದು ಬಹಳ ಕಷ್ಟ.

[ಪರದೆಯ ಮೇಲೆ: ನನ್ನ ಕಡತ ಎಲ್ಲಿ ನಿಂತಿದೆ?]

ಇದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಇದನ್ನು ಗಮನಿಸದೆ ಒಂದೇ ಅರ್ಜಿಯಲ್ಲಿ ಹತ್ತು ವಿಷಯ ತುರುಕಿದರೆ ವಾಪಸ್ ಬರುತ್ತದೆ. ಯಾಕೆ ಬೇಕು ಅಂತ ಅವರು ಕೇಳುವಂತಿಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆಯಲ್ಲಿ.

ಹೇಗೆ ಕೇಳುತ್ತೀರಿ ಅನ್ನುವುದೇ ಮುಖ್ಯ. "ನನ್ನ ಕೆಲಸ ಯಾಕೆ ಮಾಡಿಲ್ಲ?" ಅಂತ ಬರೆದರೆ ಉತ್ತರ ಸಿಗುವುದು ಕಷ್ಟ. ಈ ಕಾಯ್ದೆಯಲ್ಲಿ ಸಿಗುವುದು ದಾಖಲೆ, ವಿವರಣೆ ಅಲ್ಲ. ಹೀಗೆ ಬರೆಯಿರಿ: "ಇಂಥ ತಾರೀಖಿನ, ಇಂಥ ಸ್ವೀಕೃತಿ ಸಂಖ್ಯೆಯ ನನ್ನ ಅರ್ಜಿ ಇವತ್ತಿನವರೆಗೆ ಯಾವ ಯಾವ ದಿನ ಯಾವ ಅಧಿಕಾರಿಯ ಮುಂದೆ ಹೋಗಿದೆ? ಆ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ನಕಲು ಕೊಡಿ." ಎಷ್ಟೋ ಸಲ ಈ ಅರ್ಜಿ ತಲುಪಿದ ಮೇಲೆ ಕಡತವೇ ಮುಂದಕ್ಕೆ ಹೋಗುತ್ತದೆ.

ಬೇರೆ ಇಲಾಖೆಗೆ ಸೇರಿದ್ದಾದರೆ ಅವರೇ ಐದು ದಿನದಲ್ಲಿ ಅಲ್ಲಿಗೆ ಕಳುಹಿಸಬೇಕು. ಉತ್ತರ ಬರದಿದ್ದರೆ ಅದೇ ಇಲಾಖೆಯ ಮೇಲಿನ ಅಧಿಕಾರಿಗೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು.

[ಪರದೆಯ ಮೇಲೆ: ಬೇಗ ಬೇಗ ಉತ್ತರಗಳು]

ಮಗುವಿನ ಜನನ ನೋಂದಣಿ ತಡವಾಗಿದೆ. 21 ದಿನದೊಳಗೆ ಉಚಿತ. 30 ದಿನದವರೆಗೆ ವಿಳಂಬ ಶುಲ್ಕ. ಆಮೇಲೆ ಒಂದು ವರ್ಷದವರೆಗೆ ಜಿಲ್ಲಾ ನೋಂದಣಾಧಿಕಾರಿಯ ಅನುಮತಿ ಬೇಕು. ವರ್ಷ ದಾಟಿದರೆ ಮೊದಲು ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿ ಬಂದ ಮೇಲೆ ಉಪವಿಭಾಗಾಧಿಕಾರಿಯಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಸಾಕು.

ಮನೆ ಒಡೆಯುತ್ತೇವೆ ಅಂತ ಬಂದಿದ್ದಾರೆ. ನೋಟಿಸ್ ಕೊಡದೆ, ನಿಮ್ಮ ಮಾತು ಕೇಳದೆ ಒಡೆಯುವಂತಿಲ್ಲ. ಕನಿಷ್ಠ 15 ದಿನದ ನೋಟಿಸ್ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 13ರಂದು ಹೇಳಿದೆ. ಕೊನೆಯ ಆದೇಶ ಆದ ಮೇಲೂ ಮತ್ತೆ 15 ದಿನ ಕೊಡಬೇಕು. ಆದರೆ ರಸ್ತೆ, ಫುಟ್‌ಪಾತ್, ರೈಲು ಹಳಿಯ ಪಕ್ಕ, ಕೆರೆ, ನದಿಯಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ಕೋರ್ಟೇ ಒಡೆಯಲು ಹೇಳಿದ್ದರೂ ಇಲ್ಲ.

ತಳ್ಳುಗಾಡಿ ಎತ್ತಿಕೊಂಡು ಹೋದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ವಶಪಡಿಸಿಕೊಂಡ ವಸ್ತುಗಳ ಪಟ್ಟಿ ನಿಮ್ಮ ಕೈಗೆ ಕೊಡಬೇಕು. ನೀವು ಕೇಳಿದರೆ ಹಣ್ಣು, ತರಕಾರಿಯಂಥ ಕೆಡುವ ಮಾಲನ್ನು ಅದೇ ದಿನ, ಉಳಿದದ್ದನ್ನು ಎರಡು ಕೆಲಸದ ದಿನಗಳಲ್ಲಿ ಬಿಡಬೇಕು.

ಲಂಚ ಕೇಳುತ್ತಿದ್ದಾರೆ. ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ. 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಟ್ಟವರಿಗೆ ಮಾತ್ರ ರಕ್ಷಣೆ ಇದೆ. ಆ ಏಳು ದಿನ ತಪ್ಪಿಸಬೇಡಿ.

ಕೊನೆಯ ಪ್ರಶ್ನೆ, "ವಕೀಲರಿಗೆ ಕೊಡಲು ನಮ್ಮ ಹತ್ತಿರ ದುಡ್ಡಿಲ್ಲ." 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಇವರೆಲ್ಲರಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಫೋನ್ ಮಾಡುವುದಾದರೆ 15100. ಹೋಗುವಾಗ ಸೀಲು ಬಿದ್ದ ಅರ್ಜಿಯ ಪ್ರತಿ, ಸ್ವೀಕೃತಿ, ಹಿಂಬರಹ, ಬಂದ ನೋಟಿಸು, ಅದರ ಲಕೋಟೆ ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಲಕೋಟೆ ಎಸೆಯಬೇಡಿ. ನೋಟಿಸ್ ನಿಮ್ಮ ಕೈ ಸೇರಿದ್ದು ಯಾವತ್ತು ಅಂತ ಅದರ ಮೇಲಿನ ಅಂಚೆ ಮುದ್ರೆಯಿಂದ ತೋರಿಸಬಹುದು. ಮೇಲ್ಮನವಿಯ ದಿನಗಳನ್ನು ಎಣಿಸುವಾಗ ವಕೀಲರಿಗೆ ಅದು ಬೇಕಾಗುತ್ತದೆ.