ಹಡಗು ಹತ್ತುವ ಮೊದಲು ಮೂರು ರಾತ್ರಿ

ಎಲ್ಲರಿಗೂ ನಮಸ್ಕಾರ.

ನಾನು ಸಾಗರದ ಕಡೆ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳು. ಪ್ರತಿ ವರ್ಷ ಬೋರ್ಡಿನ ಮೇಲೆ ಎರಡು ಚಿತ್ರ ಬರೆಯುತ್ತಿದ್ದೆ. ನದಿ ಕೊರೆದ ಕಣಿವೆ ವಿ ಆಕಾರ, ಹಿಮನದಿ ಕೊರೆದ ಕಣಿವೆ ಯು ಆಕಾರ. ಆ ಯು ಒಳಗೆ ಸಮುದ್ರದ ನೀರು ತುಂಬಿಕೊಂಡರೆ ಅದಕ್ಕೆ ಫಿಯರ್ಡ್ ಅಂತ ಹೆಸರು. ಮೊದಲನೆಯದನ್ನು ಮಕ್ಕಳಿಗೆ ಶರಾವತಿ ಕಣಿವೆಯಲ್ಲೇ ಬೆರಳು ಮಾಡಿ ತೋರಿಸಿದ್ದೆ. ಎರಡನೆಯದನ್ನು ನಾನೇ ನೋಡಿರಲಿಲ್ಲ. ನೋಡದೇ ಇರುವುದನ್ನು ಅಷ್ಟು ವರ್ಷ ಪಾಠ ಮಾಡಿದ್ದು ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ರಿಟೈರ್ ಆದ ಮೇಲೆ ನಾನೂ ನಮ್ಮನೆಯವರೂ ಕ್ರೂಸ್, ಅಂದರೆ ಪ್ರವಾಸಿ ಹಡಗಿನಲ್ಲಿ ನಾರ್ವೆಗೆ ಹೋಗಿ ನೋಡಿ ಬಂದೆವು.

ಅಲ್ಲಿಂದ ಬಂದಾಗಿನಿಂದ ತುಂಬಾ ಜನ ಕೇಳುತ್ತಿದ್ದಾರೆ. ಎಲ್ಲಿಂದ ಹಡಗು ಹತ್ತಬೇಕು, ಎಷ್ಟು ದಿನ ಬೇಕು, ಬಾಲ್ಕನಿ ರೂಮು ತಗೋಬೇಕಾ, ಊಟಕ್ಕೆ ಏನು ಗತಿ ಅಂತ. ಎಲ್ಲಕ್ಕೂ ಉತ್ತರ ಹೇಳುತ್ತೇನೆ. ಆದರೆ ನಾನು ಒತ್ತಿ ಹೇಳಬೇಕಾದದ್ದು ಒಂದೇ. ಎರಡು ಕಡೆ ಕೈ ಬಿಚ್ಚಿ ಸಮಯ ಇಟ್ಟುಕೊಳ್ಳಿ. ಒಂದು, ಹಡಗು ಹತ್ತುವ ಊರಿನಲ್ಲಿ. ಇನ್ನೊಂದು, ಹಡಗು ಫಿಯರ್ಡ್ ಒಳಗೆ ಹೋಗುವ ಬೆಳಗಿನ ಜಾವದಲ್ಲಿ.

ಮೊದಲು ಊರಿನ ವಿಷಯ. ನಾರ್ವೆಯ ಫಿಯರ್ಡ್ ಕ್ರೂಸ್ ಹಲವು ಊರುಗಳಿಂದ ಹೊರಡುತ್ತವೆ. ಇಂಗ್ಲೆಂಡಿನ ಸೌತಾಂಪ್ಟನ್, ಜರ್ಮನಿಯ ಕೀಲ್ ಮತ್ತು ಹ್ಯಾಂಬರ್ಗ್, ಡೆನ್ಮಾರ್ಕಿನ ಕೋಪನ್‌ಹೇಗನ್. ನಮ್ಮ ಪಾಸ್‌ಪೋರ್ಟ್ ಇರುವವರಿಗೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಇದೆ. ಸೌತಾಂಪ್ಟನ್‌ನಿಂದ ಹೊರಟರೆ ಎರಡು ವೀಸಾ ಬೇಕು. ಇಂಗ್ಲೆಂಡಿನದ್ದು ಒಂದು, ನಾರ್ವೆಗೆ ಷೆಂಗೆನ್, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಒಂದು. ಹಡಗು ಮತ್ತೆ ಇಂಗ್ಲೆಂಡಿಗೇ ವಾಪಸ್ ಬರುತ್ತದೆ, ಅದಕ್ಕೆ ಆ ವೀಸಾ ಎರಡನೇ ಸಲ ಒಳಗೆ ಬಿಡುವಂಥದ್ದಾಗಿರಬೇಕು. ಕೋಪನ್‌ಹೇಗನ್‌ನಿಂದ ಹೊರಟರೆ ಒಂದೇ ಷೆಂಗೆನ್ ಸಾಕು. ಡೆನ್ಮಾರ್ಕ್, ನಾರ್ವೆ ಎರಡೂ ಅದರಲ್ಲೇ ಇವೆ. ನಾವು ಕೋಪನ್‌ಹೇಗನ್ ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ವೀಸಾ ಅರ್ಜಿ ಯಾವ ದೇಶಕ್ಕೆ ಹಾಕಬೇಕು ಅನ್ನುವುದರಲ್ಲಿ ಸುಮಾರು ಜನ ಗೊಂದಲ ಮಾಡಿಕೊಳ್ಳುತ್ತಾರೆ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಹಾಕಬೇಕು. ಎರಡೂ ಕಡೆ ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಹಾಗಾಗಿ ಹಡಗಿನ ದಿನಚರಿ ಕೈಗೆ ಬಂದ ಮೇಲೆ ದಿನಗಳನ್ನು ಎಣಿಸಿ, ಆಮೇಲೆ ಅರ್ಜಿ ತುಂಬಿ. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚಿಗೆ ಇರಲೇಬೇಕು. ಪಾಲಿಸಿಯಲ್ಲಿ ಕ್ರೂಸ್ ಕೂಡ ಸೇರಿದೆಯಾ ಅಂತ ಕೇಳಿ ಬರೆಸಿಕೊಳ್ಳಿ.

ಹಡಗು ಹತ್ತುವ ಊರಿನಲ್ಲಿ ಮೂರು ರಾತ್ರಿ ಉಳಿಯಿರಿ ಅನ್ನುತ್ತೇನೆ. ಯಾಕೆ ಅಂತ ಈಗ ಹೇಳುತ್ತೇನೆ. ನಾವು ಬೆಂಗಳೂರಿನಿಂದ ಮಧ್ಯೆ ಒಂದು ಕಡೆ ವಿಮಾನ ಬದಲಿಸಿ ಹೋದೆವು. ಮೊದಲ ವಿಮಾನ ತಡವಾಯಿತು. ಎರಡನೆಯದಕ್ಕೆ ನಾವು ಓಡಿ ಹತ್ತಿಕೊಂಡೆವು, ನಮ್ಮ ದೊಡ್ಡ ಸೂಟ್‌ಕೇಸ್ ಹತ್ತಲಿಲ್ಲ. ಕೋಪನ್‌ಹೇಗನ್‌ನಲ್ಲಿ ಬೆಲ್ಟಿನ ಮುಂದೆ ನಿಂತಿದ್ದೇವೆ, ಜನ ಎಲ್ಲ ಖಾಲಿಯಾದರು, ಬೆಲ್ಟ್ ನಿಂತಿತು. ನಮ್ಮನೆಯವರ ಬಿಪಿ ಮಾತ್ರೆ ಅದೇ ಪೆಟ್ಟಿಗೆಯಲ್ಲಿತ್ತು. ಸ್ವೆಟರು, ಮಳೆ ಕೋಟು ಎಲ್ಲ ಅದರಲ್ಲೇ. ಇವರ ಮುಖ ನೋಡಿ ನನಗೆ ಕೈಕಾಲು ಆಡಲಿಲ್ಲ.

ಪೆಟ್ಟಿಗೆ ಎರಡನೇ ದಿನ ಸಂಜೆ ಹೋಟೆಲಿಗೆ ಬಂತು. ಹಡಗು ಹೊರಡಲು ಇನ್ನೂ ಒಂದು ದಿನ ಇತ್ತು. ನಾವು ಅದೇ ದಿನ ಇಳಿದು ಅದೇ ದಿನ ಹಡಗು ಹತ್ತುವ ಹಾಗೆ ಟಿಕೆಟ್ ಮಾಡಿದ್ದಿದ್ದರೆ? ಪೆಟ್ಟಿಗೆ ನಮ್ಮ ಹಿಂದೆ ಬಂದರಿನಿಂದ ಬಂದರಿಗೆ ಅಲೆಯುತ್ತಿತ್ತು. ವಿಮಾನ ಇನ್ನಷ್ಟು ತಡವಾಗಿದ್ದರೆ ಹಡಗೇ ತಪ್ಪುತ್ತಿತ್ತು. ಹಡಗು ಯಾರಿಗೂ ಕಾಯುವುದಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮುಂಚೆ ಊರಿನಲ್ಲಿ ಉಳಿಯುವ ದುಡ್ಡನ್ನು ಹೆಚ್ಚುವರಿ ಖರ್ಚು ಅಂತ ಲೆಕ್ಕ ಹಾಕಬೇಡಿ. ಮಾತ್ರೆ, ಡಾಕ್ಟರ್ ಚೀಟಿ, ಒಂದು ಜೊತೆ ಬಟ್ಟೆ, ಒಂದು ಬೆಚ್ಚಗಿನ ಕೋಟು, ಇಷ್ಟು ಕೈಚೀಲದಲ್ಲೇ ಇರಲಿ.

ಕೋಪನ್‌ಹೇಗನ್ ಸುಲಭದ ಊರು. ವಿಮಾನ ನಿಲ್ದಾಣದ ಒಳಗಿನಿಂದಲೇ ಮೆಟ್ರೋ ಹತ್ತಬಹುದು. ಸುಮಾರು ಕಾಲು ಗಂಟೆಯಲ್ಲಿ ಊರ ಮಧ್ಯ ಇರುತ್ತೀರಿ. ಮೆಟ್ರೋ ರಾತ್ರಿಯಿಡೀ ಓಡುತ್ತದೆ. ಕೊಂಗೆನ್ಸ್ ನ್ಯೂಟೋರ್ ಅಥವಾ ನೋರೆಪೋರ್ಟ್ ಸ್ಟೇಷನ್ನಿನ ಹತ್ತಿರ ಹೋಟೆಲ್ ಮಾಡಿದರೆ ಟ್ಯಾಕ್ಸಿ ಬೇಕಾಗುವುದೇ ಇಲ್ಲ. ಊರು ದುಬಾರಿ, ಅದು ನಿಜ. ಆದರೆ ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು. ಡೆನ್ಮಾರ್ಕಿನಲ್ಲೂ ನಾರ್ವೆಯಲ್ಲೂ ಯೂರೋ ನಡೆಯುವುದಿಲ್ಲ. ಎರಡೂ ಕಡೆ ಕ್ರೋನ್ ಅಂತಲೇ ಕರೆಯುತ್ತಾರೆ, ಆದರೆ ಎರಡೂ ಬೇರೆ ಬೇರೆ ಹಣ. ಕಂತೆ ಕಂತೆ ನೋಟು ಒಯ್ಯಬೇಡಿ, ಎಲ್ಲ ಕಡೆ ಕಾರ್ಡ್ ನಡೆಯುತ್ತದೆ. ಇನ್ನೊಂದು ಎಚ್ಚರಿಕೆ. ಅಲ್ಲಿ ಸೈಕಲ್‌ಗೆ ಬೇರೆ ದಾರಿ ಇದೆ, ಫುಟ್‌ಪಾತ್ ಪಕ್ಕದಲ್ಲೇ. ಫೋಟೋ ತೆಗೆಯುತ್ತಾ ಅದರ ಮೇಲೆ ನಿಲ್ಲಬೇಡಿ. ಸೈಕಲ್‌ನವರು ಜೋರಾಗಿ ಬರುತ್ತಾರೆ.

ನೋಡಲು ಏನಿದೆ ಅಂದರೆ, ನನಗೆ ತುಂಬಾ ಹಿಡಿಸಿದ್ದು ರುಂಡೆಟೋರ್ನ್, ಅಂದರೆ ದುಂಡು ಗೋಪುರ. ನಾಲ್ಕನೇ ಕ್ರಿಶ್ಚಿಯನ್ ದೊರೆಯ ಕಾಲದಲ್ಲಿ ನಕ್ಷತ್ರ ನೋಡುವುದಕ್ಕೆ ಕಟ್ಟಿಸಿದ್ದು, 1642ರಲ್ಲಿ ಮುಗಿಯಿತು. ಒಳಗೆ ಮೆಟ್ಟಿಲಿನ ಬದಲು ಇಟ್ಟಿಗೆ ಹಾಸಿದ ಇಳಿಜಾರು ದಾರಿ ಏಳೂವರೆ ಸುತ್ತು ಸುತ್ತಿಕೊಂಡು ಮೇಲೆ ಹೋಗುತ್ತದೆ. ತುದಿಯಲ್ಲಿ ಮಾತ್ರ ಕೆಲವು ಮೆಟ್ಟಿಲು. ಮಂಡಿ ನೋವಿರುವ ನಮ್ಮನೆಯವರು ಗೋಡೆ ಮೇಲೆ ಕೈ ಇಟ್ಟುಕೊಂಡು ನಿಧಾನಕ್ಕೆ ಹತ್ತಿದರು. ಮೇಲೆ ನಿಂತರೆ ಊರಿನ ಕೆಂಪು ಹೆಂಚು ಪೂರ್ತಿ ಕಾಣುತ್ತದೆ. ಸಂಜೆ ನ್ಯೂಹಾವ್ನ್ ಕಾಲುವೆ ದಂಡೆಯಲ್ಲಿ ಕೂತುಕೊಳ್ಳಿ. ಮಕ್ಕಳ ಕಥೆಗಾರ ಆಂಡರ್ಸನ್ ಆ ಬೀದಿಯ ಮೂರು ಮನೆಗಳಲ್ಲಿ ಬೇರೆ ಬೇರೆ ಕಾಲಕ್ಕೆ ವಾಸ ಮಾಡಿದ್ದ. 1843ರಲ್ಲಿ ಶುರುವಾದ ಟಿವೋಲಿ ಪಾರ್ಕಿಗೆ ದೀಪ ಹತ್ತುವ ಹೊತ್ತಿಗೆ ಹೋದರೆ ಚೆಂದ. ಮತ್ಸ್ಯಕನ್ಯೆಯ ಪ್ರತಿಮೆ ಚಿಕ್ಕದು, ಒಂದೂಕಾಲು ಮೀಟರ್ ಎತ್ತರ. ಸಮಯ ಇದ್ದರೆ ನೋಡಿ.

ಆ ಪ್ರತಿಮೆ ಇರುವ ಲ್ಯಾಂಗೆಲಿನಿಯಲ್ಲಿ ಹಡಗುಗಳೂ ನಿಲ್ಲುತ್ತವೆ. ಹಾಗಂತ ನಿಮ್ಮ ಹಡಗೂ ಅಲ್ಲೇ ಇರುತ್ತದೆ ಅಂದುಕೊಳ್ಳಬೇಡಿ. ದೊಡ್ಡ ಹಡಗುಗಳಿಗೆ ಓಷನ್‌ಕೈ ಅಂತ ಇನ್ನೊಂದು ಬಂದರು ಇದೆ, ಇನ್ನೂ ಉತ್ತರಕ್ಕೆ ನೋರ್ಡ್‌ಹಾವ್ನ್ ಕಡೆ. ಟಿಕೆಟ್‌ನಲ್ಲಿ ಯಾವ ಹೆಸರಿದೆ ಅಂತ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಪೆಟ್ಟಿಗೆ ಎಳೆದುಕೊಂಡು ತಪ್ಪು ದಂಡೆಗೆ ಹೋದರೆ ತುಂಬಾ ಕಷ್ಟ.

ಇನ್ನು ಯಾವ ತಿಂಗಳು? ಕ್ರೂಸ್ ಮುಖ್ಯವಾಗಿ ಮೇಯಿಂದ ಸೆಪ್ಟೆಂಬರ್‌ವರೆಗೆ. ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್-ಮೇ, ಆಗ ಅಲ್ಲಿ ಬೆಟ್ಟದ ಮೇಲಿನ ರಸ್ತೆಗಳಲ್ಲಿ ಇನ್ನೂ ಹಿಮ. ನನ್ನನ್ನು ಕೇಳಿದರೆ ಜೂನ್. ಹಿಮ ಕರಗುತ್ತಿರುತ್ತದೆ, ಜಲಪಾತಗಳು ಮೈದುಂಬಿರುತ್ತವೆ. ಆಗಸ್ಟ್ ಕೊನೆಗೆ ಅವು ಸೊರಗುತ್ತವೆ. ಜೋಗವನ್ನು ಮಳೆಗಾಲದಲ್ಲಿ ನೋಡುವುದಕ್ಕೂ ಬೇಸಿಗೆಯಲ್ಲಿ ನೋಡುವುದಕ್ಕೂ ಎಷ್ಟು ವ್ಯತ್ಯಾಸ ಅಲ್ವಾ, ಹಾಗೆ. ಜೂನ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಬೆಳಕಿರುತ್ತದೆ. ನಿದ್ದೆಗೆ ಕಣ್ಣುಪಟ್ಟಿ ಇಟ್ಟುಕೊಳ್ಳಿ.

ಬಾಲ್ಕನಿ ರೂಮು ಬೇಕಾ? ನನ್ನ ಉತ್ತರ, ಮೊದಲ ಸಲಕ್ಕೆ ಬೇಡ. ಬಾಲ್ಕನಿಯಿಂದ ಫಿಯರ್ಡಿನ ಒಂದು ಗೋಡೆ ಮಾತ್ರ ಕಾಣುತ್ತದೆ. ಮೇಲಿನ ತೆರೆದ ಡೆಕ್ಕಿಗೆ ಹೋದರೆ ಎರಡೂ ಗೋಡೆ ಒಟ್ಟಿಗೆ ಕಾಣುತ್ತವೆ, ಮುಂದಿನ ತಿರುವೂ ಕಾಣುತ್ತದೆ. ಆ ದುಡ್ಡಿನಲ್ಲಿ ಊರಿನ ಮೂರು ರಾತ್ರಿ ನಡೆಯುತ್ತದೆ. ವಾಂತಿ, ತಲೆಸುತ್ತು ಇರುವವರು ಹಡಗಿನ ಮಧ್ಯಭಾಗದ, ಕೆಳಗಿನ ಅಂತಸ್ತಿನ ರೂಮು ಕೇಳಿ. ಡೆನ್ಮಾರ್ಕ್ ದಾಟಿ ನಾರ್ವೆ ಕಡೆ ಹೋಗುವಾಗ ತೆರೆದ ಸಮುದ್ರ, ಅಲುಗಾಟ ಇರುತ್ತದೆ. ಫಿಯರ್ಡ್ ಒಳಗೆ ನೀರು ಕೆರೆ ಹಾಗೆ. ಹಡಗು ಹೊರಟ ತಕ್ಷಣ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡಿ. ಸಮುದ್ರದ ನೆಟ್‌ವರ್ಕ್ ಹಿಡಿದುಕೊಂಡರೆ ಬಿಲ್ಲು ವಿಪರೀತ ಬರುತ್ತದೆ.

ಊಟ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ದಿನ ಮತ್ತೊಮ್ಮೆ ಹೇಳಿ. ಕ್ರೂಸ್ ಹಡಗುಗಳಲ್ಲಿ ಗೋವಾ, ಮಂಗಳೂರು, ಉಡುಪಿ ಕಡೆಯ ಹುಡುಗರು ತುಂಬಾ ಜನ ಕೆಲಸ ಮಾಡುತ್ತಾರೆ. ಎರಡನೇ ರಾತ್ರಿ ನಾವಿಬ್ಬರೂ ಮಾತಾಡಿಕೊಳ್ಳುತ್ತಿದ್ದುದು ಬಡಿಸುವ ಹುಡುಗನ ಕಿವಿಗೆ ಬಿತ್ತು. ತಟ್ಟೆ ಇಟ್ಟವನೇ ನಿಂತುಬಿಟ್ಟ. "ಅಮ್ಮ, ನೀವು ಕನ್ನಡದವರಾ? ನಮ್ಮದು ಕುಂದಾಪುರ. ನಿಮಗೆ ಎಂತ ಬೇಕು ಹೇಳಿ, ನಾನು ಒಳಗೆ ಹೇಳ್ತೇನೆ" ಅಂದ. ಮಾರನೇ ದಿನದಿಂದ ನಮ್ಮ ಮೇಜಿಗೆ ಅನ್ನ, ಬೇಳೆ, ಮೊಸರು ಬಂತು. ಮನೆ ಬಿಟ್ಟು ಏಳು ತಿಂಗಳಾಗಿತ್ತಂತೆ ಅವನಿಗೆ. ಆ ಹುಡುಗರ ಜೊತೆ ನಾಲ್ಕು ಮಾತು ಕನ್ನಡದಲ್ಲಿ ಆಡಿ. ಅವರಿಗೆ ಅದು ಎಷ್ಟು ಬೇಕಾಗಿರುತ್ತದೆ ಅಂತ ಅವನ ಮುಖ ನೋಡಿ ತಿಳಿಯಿತು.

ದಾರಿ ಆರಿಸುವಾಗ ಬಂದರುಗಳ ಸಂಖ್ಯೆ ನೋಡಬೇಡಿ. ಗೈರಾಂಗರ್ ಅಥವಾ ಫ್ಲೋಮ್, ಫಿಯರ್ಡ್ ಒಳಗಿನ ಈ ಎರಡು ಊರುಗಳಲ್ಲಿ ಒಂದು ಇದೆಯಾ ನೋಡಿ. ಗೈರಾಂಗರ್ ಫಿಯರ್ಡ್ ಮತ್ತು ಫ್ಲೋಮ್ ಹತ್ತಿರದ ನೆರೋಯ್ ಫಿಯರ್ಡ್ 2005ರಿಂದ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. ಅಲ್ಲಿಗೆ ಹೋಗುವ ದೊಡ್ಡ ಹಡಗುಗಳು 2032ರಿಂದ ಹೊಗೆ ಉಗುಳದೆ ಓಡಬೇಕು ಅಂತ ನಾರ್ವೆ ನಿಯಮ ಮಾಡಿದೆ. ನನಗೆ ಅದು ಸರಿ ಅನಿಸುತ್ತದೆ. ಆ ಕಿರಿದಾದ ಕಣಿವೆಯಲ್ಲಿ ಹೊಗೆ ಹೋಗುವುದಕ್ಕೆ ಜಾಗವೇ ಇಲ್ಲ.

ಫ್ಲೋಮ್‌ಗೆ ಹೋದರೆ ರೈಲು ಬಿಡಬೇಡಿ. 20 ಕಿಲೋಮೀಟರ್ ದಾರಿ, ಸಮುದ್ರ ಮಟ್ಟದಿಂದ 866 ಮೀಟರ್ ಎತ್ತರದ ಮ್ಯೂರ್ಡಾಲ್‌ವರೆಗೆ ಹತ್ತುತ್ತದೆ. ಹೋಗಲು ಸುಮಾರು ಒಂದು ಗಂಟೆ, ಬರಲು ಅಷ್ಟೇ. ಮಧ್ಯೆ ಶೋಸ್‌ಫೋಸನ್ ಜಲಪಾತದ ಹತ್ತಿರ ನಿಲ್ಲಿಸುತ್ತಾರೆ, ಇಳಿದರೆ ಮುಖಕ್ಕೆ ತುಂತುರು ಬಡಿಯುತ್ತದೆ. ಟಿಕೆಟ್ ಬೇಗ ಖಾಲಿಯಾಗುತ್ತದೆ, ಊರಿನಿಂದಲೇ ಮಾಡಿಸಿ. ನೀವೇ ಮಾಡಿಸಿದರೆ ಹಡಗು ಹೊರಡುವ ಹೊತ್ತಿಗೆ ಎರಡು ಗಂಟೆ ಮುಂಚೆ ವಾಪಸ್ ಬರುವ ಹಾಗೆ ನೋಡಿಕೊಳ್ಳಿ. ನಾರ್ವೆಯ ಇನ್ನೊಂದು ಬಂದರು ಬರ್ಗೆನ್‌ನಲ್ಲಿ ಮಳೆ ಖಂಡಿತ ಅಂದುಕೊಂಡೇ ಹೋಗಿ. ಆ ಗಾಳಿಗೆ ಛತ್ರಿ ನಿಲ್ಲುವುದಿಲ್ಲ, ತಲೆ ಮುಚ್ಚುವ ಮಳೆ ಕೋಟು ಬೇಕು.

ಈಗ ಬೆಳಗಿನ ಜಾವ. ಗೈರಾಂಗರ್ ಊರು ಸಮುದ್ರದಿಂದ ತುಂಬಾ ಒಳಗಿದೆ. ಕೊನೆಯ 15 ಕಿಲೋಮೀಟರ್ ನಿಜವಾದ ಗೈರಾಂಗರ್ ಫಿಯರ್ಡ್. ಹಡಗು ಎಂಟಕ್ಕೆ ಊರು ತಲುಪುತ್ತದೆ ಅಂತ ಚೀಟಿಯಲ್ಲಿ ಬರೆದಿದ್ದರೆ, ನೋಡಬೇಕಾದ್ದೆಲ್ಲ ಆರಕ್ಕೇ ಶುರುವಾಗಿರುತ್ತದೆ. ತುಂಬಾ ಜನ ಎದ್ದು ತಿಂಡಿಗೆ ಹೋಗುತ್ತಾರೆ, ಕಿಟಕಿಯಲ್ಲಿ ನೋಡಿದರೆ ಆಗಲೇ ಲಂಗರು ಹಾಕಿರುತ್ತದೆ. ಸಂಜೆ ವಾಪಸ್ ಬರುವಾಗ ನೋಡಬಹುದು, ನಿಜ. ಆದರೆ ಒಳಗೆ ಹೋಗುವುದೇ ಬೇರೆ.

ನಾನು ಐದಕ್ಕೆ ಡೆಕ್ಕಿಗೆ ಹೋದೆ. ಕೈಯಲ್ಲಿ ಬಿಸಿ ಚಹಾ, ಕಂಬಿ ಒದ್ದೆ. ನೀರು ಕಪ್ಪು ಹಸಿರು, ಅಲೆ ಇಲ್ಲ. ಎಂಜಿನ್ ಸದ್ದು ತೀರಾ ಕಡಿಮೆ ಮಾಡಿದ್ದರು. ಹಡಗು ಒಂದು ತಿರುವು ತಿರುಗಿತು, ಎರಡೂ ಕಡೆ ಬೆಟ್ಟ ನೇರವಾಗಿ ನೀರಿಗಿಳಿದಿತ್ತು. ದಡವೇ ಇಲ್ಲ. ಆಗ ಹೊಳೆಯಿತು, ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಯು ಆಕಾರದ ಒಳಗೇ ನಿಂತಿದ್ದೇನೆ. ಅದರ ತಳ ನೀರಿನ ಕೆಳಗೆ ನೂರಾರು ಮೀಟರ್ ಆಳದಲ್ಲಿದೆ. ಸೋಗ್ನೆ ಫಿಯರ್ಡಿನಲ್ಲಿ ಆ ಆಳ 1,300 ಮೀಟರ್ ದಾಟುತ್ತದೆ. ಸಮುದ್ರ ಸೇರುವ ಬಾಯಲ್ಲಿ ಮಾತ್ರ ಆಳ ಕಡಿಮೆ, ಯಾಕೆಂದರೆ ಅಲ್ಲಿಗೆ ಬರುವಷ್ಟರಲ್ಲಿ ಹಿಮನದಿಯ ಬಲ ಕುಗ್ಗಿತ್ತು. ಇದನ್ನು ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೆನೋ.

ಎಡಗಡೆ ಏಳು ಅಕ್ಕತಂಗಿಯರು ಅನ್ನುವ ಜಲಪಾತ ಬಂತು. ಏಳು ಎಳೆ, ನೇರ ಬೀಳುವುದೇ ಸುಮಾರು 250 ಮೀಟರ್. ನಮ್ಮ ಜೋಗದಷ್ಟೇ. ಎದುರು ಗೋಡೆಯಲ್ಲಿ ಒಂಟಿಯಾಗಿ ಬೀಳುವುದಕ್ಕೆ ವರ ಅಂತ ಹೆಸರಿಟ್ಟಿದ್ದಾರೆ, ಹೆಣ್ಣು ಕೇಳಲು ಬಂದವನಂತೆ. ಅದೇ ಕಡೆ, ನೀರಿನಿಂದ ಸುಮಾರು 250 ಮೀಟರ್ ಮೇಲೆ ಬಂಡೆಯ ಅಂಚಿನಲ್ಲಿ ಒಂದೆರಡು ಮರದ ಮನೆ ಕಂಡವು. ಸ್ಕಾಗೆಫ್ಲೋ ಅಂತ. ಅಲ್ಲಿ ಆಡು ಸಾಕಿಕೊಂಡು ಒಂದು ಸಂಸಾರ ಬದುಕುತ್ತಿತ್ತು. ಕಂದಾಯದವರು ಬಂದರೆ ಏಣಿ ಮೇಲೆಳೆದುಕೊಳ್ಳುತ್ತಿದ್ದರು ಅಂತ ಊರವರು ಹೇಳುತ್ತಾರೆ. ಚಿಕ್ಕ ಮಕ್ಕಳು ಉರುಳಿ ಬೀಳದ ಹಾಗೆ ಸೊಂಟಕ್ಕೆ ಹಗ್ಗ ಕಟ್ಟುತ್ತಿದ್ದರಂತೆ. ನೂರು ವರ್ಷದ ಹಿಂದೆಯೇ ಬಿಟ್ಟು ಹೋದರು. 1993ರಲ್ಲಿ ನಾರ್ವೆಯ ದೊರೆ ಮತ್ತು ರಾಣಿ ತಮ್ಮ ಮದುವೆಯ ಇಪ್ಪತ್ತೈದನೇ ವರ್ಷ ಆಚರಿಸಿದ್ದು ಅದೇ ಅಂಗಳದಲ್ಲಿ. ನಾನು ಆ ಮನೆಯನ್ನೇ ನೋಡುತ್ತಾ ನಿಂತೆ. ಆ ಹಗ್ಗ ಕಟ್ಟಿದ ತಾಯಿ ದಿನವೂ ಈ ನೀರನ್ನು ಮೇಲಿನಿಂದ ನೋಡುತ್ತಿದ್ದಳು. ಚಹಾ ಯಾವಾಗ ಆರಿತೋ ಗೊತ್ತಾಗಲಿಲ್ಲ.

ನಮ್ಮನೆಯವರು ಆರೂವರೆಗೆ ಹುಡುಕಿಕೊಂಡು ಮೇಲೆ ಬಂದರು. ಏನೂ ಕೇಳಲಿಲ್ಲ, ಪಕ್ಕದಲ್ಲಿ ನಿಂತರು.

ನಾವು ಹೋದ ದಾರಿಯನ್ನು ಕೆಂಪು ಪೆನ್ಸಿಲ್‌ನಲ್ಲಿ ಗುರುತು ಮಾಡಿದ ನಕ್ಷೆ ಈ ಮೇಜಿನ ಮೇಲಿದೆ. ಹತ್ತಿರ ಬನ್ನಿ. ನೀವು ಯಾವ ತಿಂಗಳು ಹೊರಡುವ ಯೋಚನೆಯಲ್ಲಿದ್ದೀರಿ ಹೇಳಿ, ನಕ್ಷೆ ಮುಂದೆ ಇಟ್ಟುಕೊಂಡೇ ಮಾತಾಡೋಣ.