ಬೀಡಿ ಬ್ರಾಂಚಿನವರೆಗೆ ಬರಬೇಕಾದ ಹಕ್ಕು

ಎಲ್ಲರಿಗೂ ನಮಸ್ಕಾರ.

2003ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ತಂಬಾಕು ನಿಯಂತ್ರಣಕ್ಕೆ ಒಂದು ಒಪ್ಪಂದ ಮಾಡಿಕೊಂಡವು. ಮರುವರ್ಷ ಭಾರತವೂ ಅದಕ್ಕೆ ಸೇರಿತು. ಒಳ್ಳೆಯ ಒಪ್ಪಂದ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ತಂಬಾಕಿನಿಂದ ಜನ ಸಾಯುತ್ತಿದ್ದಾರೆ, ಅದು ಕಡಿಮೆಯಾಗಲೇಬೇಕು.

ಅದೇ ಒಪ್ಪಂದದಲ್ಲಿ 17ನೇ ವಿಧಿ ಅಂತ ಒಂದಿದೆ. ತಂಬಾಕನ್ನೇ ನಂಬಿದ ಬೆಳೆಗಾರರಿಗೆ, ಕೆಲಸಗಾರರಿಗೆ ಬದುಕಲು ಸಾಕಾಗುವ ಬೇರೆ ದಾರಿಯನ್ನು ದೇಶಗಳು ಮಾಡಿಕೊಡಬೇಕು ಎನ್ನುವುದು ಅದರ ಆಶಯ. ಪ್ಯಾಕೆಟ್ ಮೇಲೆ ಕ್ಯಾನ್ಸರಿನ ಚಿತ್ರ ಬಂತು. ತೆರಿಗೆ ಬಂತು. 17ನೇ ವಿಧಿ ನಮ್ಮ ಬಂಟ್ವಾಳ, ಉಳ್ಳಾಲ, ಕಾರ್ಕಳದಲ್ಲಿ ಹೆಂಗಸರು ಬೀಡಿ ಕಟ್ಟುವ ಜಗಲಿಗಳಿಗೆ ಬಂತಾ?

ಅಮ್ಮನ ಅಥವಾ ಅಜ್ಜಿಯ ಬೀಡಿ ದುಡ್ಡಿನಲ್ಲಿ ಶಾಲೆ ಫೀಸು ಕಟ್ಟಿದವರು ಈ ಸಭೆಯಲ್ಲೂ ಇರಬಹುದು. ಅವರಿಗೆ ನಾನು ವಿವರಿಸಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬ್ರಾಂಚಿನಲ್ಲಿ, ಅಂದರೆ ಕಂಪೆನಿಯ ಪರವಾಗಿ ಕಟ್ಟಿದ ಬೀಡಿ ತಗೊಳ್ಳುವ ಜಾಗದಲ್ಲಿ, ಎಲೆ, ಹೊಗೆಸೊಪ್ಪಿನ ಹುಡಿ ತೂಗಿ ಕೊಡುತ್ತಾರೆ. ಎಲೆಯನ್ನು ನೀರಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಮೆತ್ತಗಾದ ಮೇಲೆ ಅಳತೆಗೆ ಕತ್ತರಿಸಬೇಕು. ಆಮೇಲೆ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು, ಹುಡಿ ತುಂಬಿ, ಸುರುಟಿ, ಬಾಯಿ ಮಡಚಿ, ನೂಲು ಸುತ್ತುವುದು. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಅಡುಗೆ, ಮಕ್ಕಳು, ಹಟ್ಟಿಯ ಕೆಲಸದ ಮಧ್ಯೆ ದಿನಕ್ಕೆ ಸಾವಿರ ಕಟ್ಟುವುದು ಸುಲಭದ ಮಾತಲ್ಲ. ಎಲೆಯಲ್ಲಿ ತೂತು ಜಾಸ್ತಿ ಇದ್ದರೆ ಲೆಕ್ಕಕ್ಕೆ ಸಾಲುವುದಿಲ್ಲ. ಆಗ ಕೈಯಿಂದ ದುಡ್ಡು ಹಾಕಿ ಎಲೆ ತರಬೇಕು. ಸರಿ ಇಲ್ಲ ಅಂತ ಬ್ರಾಂಚಿನಲ್ಲಿ ತೆಗೆದಿಟ್ಟ ಬೀಡಿಗೆ ಕೂಲಿ ಇಲ್ಲ. ಜೊತೆಗೆ ದಿನವಿಡೀ ಹುಡಿಯ ಘಾಟು, ಕೆಮ್ಮು, ಸೊಂಟನೋವು. ಜನ್ಮದಲ್ಲಿ ಒಂದು ಬೀಡಿ ಸೇದದ ಹೆಂಗಸಿನ ಮೈಗೂ ತಂಬಾಕು ಸೇರುತ್ತದೆ.

ಇವರಿಗೆ ಹಕ್ಕೇ ಇರಲಿಲ್ಲ ಎಂದರೆ ತಪ್ಪಾಗುತ್ತದೆ. 1966ರಲ್ಲೇ ಬೀಡಿ ಕಾರ್ಮಿಕರಿಗಾಗಿ ಕಾಯ್ದೆ ಬಂತು. 1976ರಲ್ಲಿ ಕಲ್ಯಾಣ ನಿಧಿ ಬಂತು. ಬೀಡಿಯ ಮೇಲೆ ಹಾಕಿದ ಸೆಸ್ಸಿನಿಂದ ಮಕ್ಕಳಿಗೆ ಸ್ಕಾಲರ್‌ಶಿಪ್, ಮನೆ ಕಟ್ಟಲು ಸಹಾಯ, ಔಷಧಿ ಸಿಗುವಂತಾಯಿತು. ಮನೆಯಲ್ಲಿ ಕೂತು ಕಟ್ಟುವವರು ನಮ್ಮ ಕಾರ್ಮಿಕರಲ್ಲ, ಅವರಿಗೆ ಪಿ.ಎಫ್. ಯಾಕೆ ಅಂತ ಮಾಲೀಕರು ಕೋರ್ಟಿಗೆ ಹೋದರು. 1985ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಇದು ತುಂಬ ದೊಡ್ಡ ತೀರ್ಪು. ಮನೆಯಲ್ಲೇ ದುಡಿಯುವವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಪ್ರತ್ಯೇಕ ಒಪ್ಪಂದ ಮಾಡಿದ್ದೇ 1996ರಲ್ಲಿ. ಜಗತ್ತಿಗಿಂತ 11 ವರ್ಷ ಮುಂದಿದ್ದೆವು ನಾವು. ಬೇಸರದ ಸಂಗತಿ ಎಂದರೆ, 1996ರ ಆ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ. 2017ರಲ್ಲಿ ಜಿಎಸ್‌ಟಿ ಬಂದಾಗ ಬೀಡಿ ಸೆಸ್ಸೂ ರದ್ದಾಯಿತು. ಯೋಜನೆಗಳ ಹೆಸರು ಉಳಿಯಿತು, ಅವಕ್ಕೆಂದೇ ತೆಗೆದಿಟ್ಟ ದುಡ್ಡು ಬರುವ ದಾರಿ ನಿಂತಿತು.

ಬೀಡಿ ನಿಲ್ಲಿಸುವುದಾದರೆ ಬದಲಿಗೆ ಏನು? ಟೈಲರಿಂಗ್ ತರಬೇತಿ ಕೊಟ್ಟು, ಫೋಟೋ ತೆಗೆದು, ಸರ್ಟಿಫಿಕೇಟ್ ಹಂಚಿದರೆ ಮುಗಿಯಿತಾ? ಬೀಡಿ ಕೆಲಸ ಎಷ್ಟು ಕಷ್ಟದ್ದಾದರೂ ಮನೆ ಬಿಟ್ಟು ಹೋಗಬೇಕಾಗಿಲ್ಲ. ಮಗು ಮಲಗಿದ್ದಾಗ ಕಟ್ಟಬಹುದು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಬಹುದು. ಮೇಲಿಂದ ಪಿ.ಎಫ್. ಉಂಟು. ಹೊಸ ಕೆಲಸದಲ್ಲಿ ಇದೆಲ್ಲ ಇಲ್ಲ ಅಂತಾದರೆ ಅವಳು ಯಾಕೆ ಬರಬೇಕು? ಅಭಿವೃದ್ಧಿಯ ಹಕ್ಕಿನ ಬಗ್ಗೆ ವಿಶ್ವಸಂಸ್ಥೆ 1986ರಲ್ಲಿ ಒಂದು ಘೋಷಣೆ ಮಾಡಿತು. ಜನ ಅಭಿವೃದ್ಧಿಯ ಫಲ ಪಡೆದರೆ ಸಾಲದು, ಅದನ್ನು ರೂಪಿಸುವಾಗಲೂ ಅವರು ಇರಬೇಕು ಅಂತ ಅದು ಹೇಳುತ್ತದೆ. ತರಬೇತಿಯ ಪಟ್ಟಿ ಮಾಡುವ ಮೊದಲು ಬ್ರಾಂಚಿನ ಮುಂದೆ ಸಾಲು ನಿಂತವರನ್ನು ಕೇಳಿ ಅಂತ ಇದರರ್ಥ, ಅಲ್ವಾ?

ನಿಷೇಧಕ್ಕಷ್ಟೇ ಕೆಲಸ ನಿಂತರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಗಳಿಗೆ ಗೊತ್ತು. ಸರ್ಕಾರಿ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. 2011ರ ಏಪ್ರಿಲಿನಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು ಅದನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿಸಿದವು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದಕ್ಕೆ ತಡೆ ಹಾಕಿತು. ಜೂನ್‌ನಲ್ಲಿ ಅದೇ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ, ವ್ಯವಹಾರ ಮತ್ತು ಮಾನವ ಹಕ್ಕುಗಳ ಮಾರ್ಗಸೂಚಿಯನ್ನು ಒಪ್ಪಿಕೊಂಡಿತು. ಸರ್ಕಾರ ಜನರನ್ನು ಕಾಪಾಡಬೇಕು, ಕಂಪೆನಿಗಳು ಹಕ್ಕನ್ನು ಗೌರವಿಸಬೇಕು, ಹಾನಿಯಾದವರಿಗೆ ಪರಿಹಾರ ಸಿಗಬೇಕು. ಅದರ ತಿರುಳು ಇಷ್ಟೇ.

ಎಂಡೋಸಲ್ಫಾನಿನ ಹಾನಿ ಏನು ಅಂತ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಕಡೆ ಹೋಗಿ ನೋಡಿ. ಬೆಳೆದ ಮಗನನ್ನು ವಯಸ್ಸಾದ ತಾಯಿ ಎತ್ತಿ ಸ್ನಾನ ಮಾಡಿಸುವ ಮನೆಗಳಿವೆ. ತಿಂಗಳ ಮಾಸಾಶನ ಬರುತ್ತದೆ. ಹಗಲು ನೋಡಿಕೊಳ್ಳುವ ಕೇಂದ್ರವೂ ಆಗಿದೆ. ಇದೆಲ್ಲ ಜನ ಹೋರಾಡಿ ಪಡೆದದ್ದು, ಸಣ್ಣ ವಿಷಯ ಅಲ್ಲ. ಆದರೆ ಆ ತಾಯಂದಿರು ಕೇಳುವುದು ಬೇರೆ: ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ? ವಿಷಕ್ಕೆ ತಡೆ ಹಾಕಲು ಇಡೀ ಜಗತ್ತು ಒಟ್ಟಾಯಿತು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು ಅಂತ ಯಾವ ಸಭೆಯಲ್ಲೂ ಗಟ್ಟಿಯಾಗಿ ಬರೆದಿಡಲಿಲ್ಲ.

1948ರ ಮಾನವ ಹಕ್ಕುಗಳ ಘೋಷಣೆಯ 29ನೇ ವಿಧಿ, ಪ್ರತಿಯೊಬ್ಬರಿಗೂ ಸಮುದಾಯದ ಕಡೆಗೆ ಕರ್ತವ್ಯ ಇದೆ ಎನ್ನುತ್ತದೆ. ಈ ಮಾತನ್ನು ಬಡವರಿಗೆ ಬುದ್ಧಿ ಹೇಳಲು ಬಳಸುವವರಿದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಓದು, ಸಮಯ, ಅಧಿಕಾರ ಯಾರ ಕೈಯಲ್ಲಿದೆಯೋ ಕರ್ತವ್ಯವೂ ಅವರಿಗೇ ಜಾಸ್ತಿ.

ಹಾಗಾಗಿ ಇಲ್ಲಿರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ. ಬೀಡಿ ಕಟ್ಟಿದವರಿಗೆ 10 ವರ್ಷದ ಸೇವೆ ಇದ್ದರೆ 58ಕ್ಕೆ ಪಿ.ಎಫ್. ಪಿಂಚಣಿ ಸಿಗಬೇಕು. 2014ರಿಂದ ಕನಿಷ್ಠ ತಿಂಗಳಿಗೆ 1000 ರೂಪಾಯಿ. ಅದೇ ಕಡಿಮೆ, ಅದೂ ಎಷ್ಟೋ ಜನರಿಗೆ ಸಿಗುವುದಿಲ್ಲ. ಕಂಪೆನಿಯ ದಾಖಲೆಯಲ್ಲಿ ಲೀಲಾ, ಆಧಾರಿನಲ್ಲಿ ಲೀಲಾವತಿ. ಹುಟ್ಟಿದ ದಿನ ಅಲ್ಲಿ ಒಂದು, ಇಲ್ಲಿ ಒಂದು. ಅಷ್ಟಕ್ಕೇ ಅರ್ಜಿ ವಾಪಸ್. ನಿಮ್ಮ ಪ್ರಾಜೆಕ್ಟಿಗೆ ಒಂದು ಗ್ರಾಮ ತಗೊಳ್ಳಿ. ಮನೆಮನೆಗೆ ಹೋಗಿ ಪಿ.ಎಫ್. ಕಾಗದ, ಆಧಾರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಾಳೆಯಾಗದವರ ಪಟ್ಟಿ ಮಾಡಿ. ತಿದ್ದುಪಡಿಯ ಜಾಯಿಂಟ್ ಡಿಕ್ಲರೇಷನ್ ತುಂಬಿಸಿ, ಅದಕ್ಕೆ ಕಂಪೆನಿಯ ಸಹಿ ಬೇಕು, ಹಾಕಿಸಿ. ಪಿ.ಎಫ್. ಕಚೇರಿಗೆ ಅವರನ್ನು ಒಬ್ಬರೇ ಕಳಿಸಬೇಡಿ, ಜೊತೆಗೆ ಹೋಗಿ. ಶುರು ಮಾಡುವವರು ಸಭೆ ಮುಗಿದ ಮೇಲೆ ಬನ್ನಿ, ಯಾವ ಊರಿನಿಂದ ಅಂತ ಇವತ್ತೇ ಕೂತು ತೀರ್ಮಾನ ಮಾಡೋಣ.