ಉಪ್ಪು ತೆಗೆದರೆ ಔಷಧವೂ ಹೋಗುತ್ತದೆ

ನಮಸ್ಕಾರ. ಸಕಲೇಶಪುರದಿಂದ ಮಾತನಾಡುತ್ತಿದ್ದೇನೆ.

ಕಳೆದ ತಿಂಗಳು ನಮ್ಮ ಹಸುವಿಗೆ ಕೆಚ್ಚಲು ಬಾವು ಬಂತು. ಮೊದಲು ಕೊಡಿಸಿದ ಆ್ಯಂಟಿಬಯೋಟಿಕ್‌ಗೆ ಬಾವು ಬಗ್ಗಲಿಲ್ಲ. ಹಾಲಿನ ಪರೀಕ್ಷೆ ಮಾಡಿಸಿ ಬೇರೆ ಔಷಧ ಹಾಕಿಸಿದ ಮೇಲೆ ಇಳಿಯಿತು. ಅಷ್ಟೂ ದಿನದ ಹಾಲನ್ನು ಡೇರಿಗೆ ಹಾಕದೆ ಚೆಲ್ಲಿದೆವು. ಈ ಎರಡನೆಯ ಔಷಧವೂ ಸೋತರೆ ಮೂರನೆಯದು ಎಲ್ಲಿಂದ ಬರಬೇಕು?

ಸಮುದ್ರದಿಂದಲೂ ಬರಬಹುದು. 1966ರಲ್ಲೇ ಪೋರ್ಟೊರಿಕೊ ಬಳಿಯ ಕಡಲಹುಲ್ಲಿನ ಮೇಲಿದ್ದ ಒಂದು ಬ್ಯಾಕ್ಟೀರಿಯಾದಲ್ಲಿ ರೋಗಾಣು ಕೊಲ್ಲುವ ವಸ್ತು ಸಿಕ್ಕಿತ್ತು. ಅದರ ಒಂದೊಂದು ಅಣುವಿನಲ್ಲೂ ಸಮುದ್ರದ ನೀರಿನಲ್ಲಿರುವ ಬ್ರೋಮಿನ್ ಎಂಬ ಮೂಲವಸ್ತುವಿನ ಐದು ಪರಮಾಣುಗಳು! ಸುತ್ತಲಿನ ಉಪ್ಪುನೀರನ್ನೇ ಆ ಜೀವಿ ಆಯುಧ ಮಾಡಿಕೊಂಡಿತ್ತು.

ಆದರೆ ಹುಡುಕುವುದಕ್ಕಿಂತ ಬೆಳೆಸುವುದು ಕಷ್ಟ. ಬಹಾಮಾಸ್‌ನ ಕಡಲತಳದ ಕೆಸರಿನಲ್ಲಿ ಸಿಕ್ಕ ಸ್ಯಾಲಿನಿಸ್ಪೋರಾ ಎಂಬ ಬ್ಯಾಕ್ಟೀರಿಯಾ ಬೆಳೆಯಲು ಸಮುದ್ರದ ಉಪ್ಪು ಬೇಕು. ಅದು ತಯಾರಿಸುವ ಒಂದು ವಸ್ತುವನ್ನು ಕ್ಯಾನ್ಸರ್ ಔಷಧವಾಗಿ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆ. ಅದರಲ್ಲಿ ಒಂದು ಕ್ಲೋರಿನ್ ಪರಮಾಣು ಇದೆ, ಅದು ಉಪ್ಪಿನಿಂದಲೇ ಬಂದದ್ದು. ತೊಂದರೆಯೆಂದರೆ ಅದೇ ಉಪ್ಪು ಬ್ಯಾಕ್ಟೀರಿಯಾ ಬೆಳೆಸುವ ಸ್ಟೀಲ್ ತೊಟ್ಟಿಯನ್ನು ತಿನ್ನುತ್ತದೆ. ತೊಟ್ಟಿ ಉಳಿಸಲು ಉಪ್ಪು ಕಡಿಮೆ ಮಾಡುವ ಯೋಚನೆ ಸಹಜವೇ. ಇಂಥ ಜೀವಿಯ ವಿಷಯದಲ್ಲಿ ಮಾತ್ರ ಅದನ್ನು ನಾನು ಒಪ್ಪುವುದಿಲ್ಲ. ಬದಲಾಗಬೇಕಾದದ್ದು ತೊಟ್ಟಿ.

ಇನ್ನೊಂದು ವಿಷಯ ನಮ್ಮ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಕಾಫಿ ಗಿಡ ಬಿಸಿಲಿಗೆ ಬಾಡಿ ನಿಂತ ಮೇಲೆ ತಾನೇ ಹೂಮಳೆಗೆ ಅರಳುವುದು? ಈ ಬ್ಯಾಕ್ಟೀರಿಯಾಗಳಲ್ಲೂ ಎಷ್ಟೋ ಜೀವಿಗಳು ಹೊಟ್ಟೆ ತುಂಬಿರುವಾಗ ಬರೀ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಆಹಾರ ತೀರುತ್ತಾ ಬಂದಾಗ ಔಷಧ ತಯಾರಿಸತೊಡಗುತ್ತವೆ. ಕೆಲವು ಪಕ್ಕದಲ್ಲಿ ಎದುರಾಳಿ ಜೀವಿಯನ್ನು ಬಿಟ್ಟ ಮೇಲಷ್ಟೇ ಬಾಯಿ ಬಿಡುತ್ತವೆ. ಯಾವುದಕ್ಕೆ ಏನು ಬೇಕೆಂದು ಕಂಡುಕೊಳ್ಳಲು ಒಂದೇ ಜೀವಿಯನ್ನು ಹತ್ತಾರು ಬಗೆಯಲ್ಲಿ ಬೆಳೆಸಿ ನೋಡಬೇಕು. ಎರಡು ವರ್ಷದ ಯೋಜನೆ ಕೊಟ್ಟು ಮೂರನೆಯ ವರ್ಷ ಹಣ ನಿಲ್ಲಿಸಿದರೆ ಇದು ಆಗುವ ಕೆಲಸವಲ್ಲ.

ಇದಕ್ಕೆ ಕಡಲ ದಂಡೆಯಲ್ಲೇ ಇರಬೇಕೆಂದೂ ಇಲ್ಲ. ಲೀಟರ್ ನೀರಿಗೆ ಸುಮಾರು 35 ಗ್ರಾಂ ಸಮುದ್ರದ ಲವಣ ಬೆರೆಸಿದರೆ ಹಾಸನದ ಕಾಲೇಜಿನಲ್ಲೂ ಆರಂಭಿಸಬಹುದು. ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡಲಿನಿಂದ ಒಂದು ಡಬ್ಬಿ ಕೆಸರು ತರಲು ಒಂದು ದಿನ ಸಾಕು. ಅದರಲ್ಲಿರುವುದನ್ನು ಬೆಳೆಸಿ ನೋಡಲು ನಮ್ಮ ವಿದ್ಯಾರ್ಥಿಗಳಿಗೆ ಹತ್ತು ವರ್ಷ ಕೊಡಿ ಎಂದು ಸರ್ಕಾರವನ್ನು ಕೇಳುತ್ತಿದ್ದೇನೆ.